ಯಂತ್ರವಿಚಾರ: ದಂಡಿನ ಹಳೆಯ ಲಾರಿಯ ಬೆನ್ನೆಲುಬಿಗೆ ತುಕ್ಕು ಹಿಡಿದಾಗ

ತುಕ್ಕೆಂಬುದು ನಮ್ಮ ಗೃಹಿಣಿಯರಿಗೆ ಹೊಸ ಶತ್ರುವಲ್ಲ. ತರಕಾರಿ ಹೆಚ್ಚಿದ ಮೇಲೆ ಈಳಿಗೆಯ ಅಲಗನ್ನು ಒರಸಿಡದಿದ್ದರೆ ಬೆಳಗಾಗುವುದರೊಳಗೆ ಅದರ ಮೇಲೆ ಕೆಂಪು ಚುಕ್ಕೆಗಳೇಳುವುದನ್ನೂ, ಕಾವಲಿಗೆ ಎಣ್ಣೆ ಸವರಿಡಲು ಮರೆತರೆ ಮರುದಿನದ ದೋಸೆ ಮೇಲೇಳದೆ ಹಟಹಿಡಿಯುವುದನ್ನೂ ಅವರು ಬಲ್ಲರು. ಕರಾವಳಿಯ ವಾಚಕರಂತೂ ಕಿಟಕಿಯ ಸರಳುಗಳು ಕಡಲ ಗಾಳಿಗೆ ಪದರಪದರವಾಗಿ ಕಳಚುವುದನ್ನು ವರ್ಷವರ್ಷವೂ ಕಾಣುತ್ತಾರೆ. ಅದೇ ಶತ್ರುವು ಸುಮಾರು ಐದು ಟನ್ನು ತೂಗುವ ದಂಡಿನ ಲಾರಿಯೊಂದರ ಬೆನ್ನೆಲುಬನ್ನು ಹಿಡಿದಾಗ ಮಾಡತಕ್ಕದ್ದೇನೆಂಬುದು ಈ ತಿಂಗಳ ವಿಚಾರ. ಲಾರಿಯ ಮಾತಿನಿಂದ ಮನೆಮಂದಿಗೇನು ಪ್ರಯೋಜನವೆಂದು ಕೇಳುವವರಿಗೆ ಇಷ್ಟು ಮಾತ್ರ ಹೇಳಬಹುದು: ಅಂಥ ಲಾರಿಯ ಹಿಂಬದಿಯ ಬೆಂಚುಗಳ ಮೇಲೆ ಇಂದು ಕುಳಿತುಕೊಳ್ಳುವವರು ಸಿಪಾಯಿಗಳಲ್ಲ, ಮುದುಕರು, ಹೆಂಗಸರು, ಮಕ್ಕಳು.

ದೃಷ್ಟಾಂತಕ್ಕಾಗಿ ನಾವು ಆರಿಸಿಕೊಂಡಿರುವುದು ಅಮೆರಿಕದ ಜಿ.ಎಂ.ಸಿ. ಲಾರಿಯನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ೧೯೪೫ರವರೆಗೆ, ಇವು ಐದೂವರೆ ಲಕ್ಷಕ್ಕೂ ಮಿಗಿಲಾಗಿ ತಯಾರಾದುವು. ಮಿಚಿಗನ್ ಸಂಸ್ಥಾನದ ಪಾಂಟಿಯಾಕ್ ಪಟ್ಟಣವೇ ಇವುಗಳ ಮುಖ್ಯವಾದ ತೌರೂರು. ಕಾರ್ಖಾನೆಯವರು ಇಟ್ಟ ಹೆಸರು ‘ಸಿಸಿಕೆಡಬ್ಲ್ಯು’. ಇದೇನು ಬೀಜಾಕ್ಷರವೆಂದು ಬೆರಗಾಗಬೇಕಾದುದಿಲ್ಲ. ಮೊದಲನೆಯ ‘ಸಿ’ ೧೯೪೧ರ ಮಾದರಿಯೆಂಬುದನ್ನೂ, ಎರಡನೆಯ ‘ಸಿ’ ಇಂಜಿನಿನ ಹಿಂದೆ ಚಾಲಕನ ಕೋಣೆಯಿರುವ ವಾಡಿಕೆಯ ರಚನೆಯನ್ನೂ, ‘ಕೆ’ ಮುಂದಿನ ಗಾಲಿಗಳಿಗೂ ‘ಡಬ್ಲ್ಯು’ ಹಿಂದಿನ ಎರಡು ಅಚ್ಚುಗಳಿಗೂ ಇಂಜಿನಿನ ಬಲ ಮುಟ್ಟುವುದೆಂಬುದನ್ನೂ ಸೂಚಿಸುತ್ತವೆ. ಆರು ಸಿಲಿಂಡರಿನ, ಸುಮಾರು ೪.೪ ಲೀಟರಿನ ಪೆಟ್ರೋಲು ಇಂಜಿನು. ಹೊರತಕ್ಕ ಭಾರ, ಕಾಗದದ ಮೇಲೆ, ಎರಡೂವರೆ ಟನ್ನು.

ಆದರೆ ಯುದ್ಧಕ್ಕೆ ಕಾಗದದ ಮರ್ಯಾದೆ ತಿಳಿಯದು. ೧೯೪೪ನೆಯ ಆಗಸ್ಟ್ ೨೫ರಿಂದ ನವಂಬರ್ ೧೬ರವರೆಗೆ ಫ್ರಾನ್ಸಿನಲ್ಲಿ ನಡೆದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಸರಬರಾಯಿಯ ಏರ್ಪಾಟಿನಲ್ಲಿ ಈ ಲಾರಿಗಳು ಹಗಲಿರುಳೆನ್ನದೆ, ಅನೇಕ ವೇಳೆ ಇಮ್ಮಡಿ ಹೊರೆಯನ್ನು ಹೊತ್ತು ಓಡಿದುವು. ಚಾಲಕರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ಆಫ್ರಿಕ ಮೂಲದ ಅಮೆರಿಕನ್ ಸೈನಿಕರು. ಆ ಶ್ರಮಕ್ಕೆ ಸಲ್ಲತಕ್ಕ ಕೀರ್ತಿ ಅವರಿಗೆ ಬಹುಕಾಲ ಸಲ್ಲಲಿಲ್ಲ. ನಮ್ಮ ದೇಶದ ನೆಲಕ್ಕೂ ಆ ಯುದ್ಧದ ಲಾರಿಗಳ ಸಂಬಂಧವುಂಟು. ಅಸ್ಸಾಮಿನ ಲೇಡೋದಿಂದ ಬರ್ಮಾದ ಕಾಡುಬೆಟ್ಟಗಳನ್ನು ಹಾಯ್ದು ಚೀನಾದ ಕುನ್ಮಿಂಗ್ ನಗರವನ್ನು ಸೇರುವ ೧,೦೭೯ ಮೈಲಿಗಳ ಹಾದಿಯಲ್ಲಿ ಮೊದಲನೆಯ ತಂಡವು ೧೧೩ ವಾಹನಗಳೊಡನೆ ೧೯೪೫ನೆಯ ಜನವರಿ ೧೨ರಂದು ಹೊರಟು ಫೆಬ್ರವರಿ ೪ರಂದು ಗುರಿ ಮುಟ್ಟಿತು. ಅಲ್ಲಿ ಮಳೆ ಮತ್ತು ಕೆಸರು; ನಾರ್ಮಂಡಿಯಲ್ಲಿ ಕಡಲಿನ ಉಪ್ಪು. ಕಬ್ಬಿಣಕ್ಕೆ ಎರಡೂ ಹಿತವಲ್ಲ.

ಯುದ್ಧ ಮುಗಿದ ಮೇಲೆ ಇವು ಗುಜರಿಗೆ ಹೋಗಲಿಲ್ಲ. ಫ್ರಾನ್ಸಿನ ಸೈನ್ಯವೇ ಇವನ್ನು ದಶಕಗಳ ಕಾಲ ದುಡಿಸಿಕೊಂಡಿತು. ಬಳಿಕ ಮರದ ವ್ಯಾಪಾರಿಗಳೂ ರೈತರೂ ಕೊಂಡರು. ಈಗ ಹವ್ಯಾಸಿಗಳು ಜೋಪಾನಮಾಡುತ್ತಿದ್ದಾರೆ. ೧೯೪೪ನೆಯ ಜೂನ್ ೬ರ ದಾಳಿಯ ಸ್ಮರಣೆಗಾಗಿ ನಾರ್ಮಂಡಿಯ ಹಳ್ಳಿಹಳ್ಳಿಗಳಲ್ಲಿ ಪ್ರತಿವರ್ಷ ನಡೆಯುವ ಮೆರವಣಿಗೆಗಳಲ್ಲಿ ಇವು ಜನರನ್ನು ಹೊತ್ತು ಸಾಗುತ್ತವೆ. ಎಂಬತ್ತು ವರ್ಷ ದಾಟಿದ ಗಾಡಿ, ಮೇಲೆ ಹೊಸ ಹಸಿರು ಬಣ್ಣ, ಬಿಳಿಯ ನಕ್ಷತ್ರ, ಒಳಗೆ ನಗುವ ಮಕ್ಕಳು. ಬಣ್ಣದ ಕೆಳಗೇನಿದೆಯೆಂಬುದನ್ನು ನೋಡಿದವರಾರು?

ಒಳಗಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ಮೋಟಾರು ಕೆಲಸಗಾರರು ಚಾಸಿಯೆಂದು ಕರೆಯುವ ಚೌಕಟ್ಟು ನೆಲಕ್ಕೆ ಅಡ್ಡಲಾಗಿ ಮಲಗಿಸಿದ ಏಣಿಯಂತಿದೆ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ನಡುನಡುವೆ ಅಡ್ಡಪಟ್ಟಿಗಳು. ತೊಲೆಯು ಗಟ್ಟಿಯಾದ ದಿಮ್ಮಿಯಲ್ಲ. ಒಂದು ಪಕ್ಕ ತೆರೆದ ದೋಣಿಯಂತೆ ಮಡಿಸಿದ ತಗಡು. ನಿಂತಿರುವ ಭಾಗವನ್ನು ನಡುಗೋಡೆಯೆಂದೂ ಮೇಲೆ ಕೆಳಗೆ ಮಡಿಸಿದ ಭಾಗಗಳನ್ನು ಅಂಚುಪಟ್ಟಿಗಳೆಂದೂ ಕರೆಯೋಣ. ಹೊರೆ ಬಿದ್ದಾಗ ಬಾಗುವ ಬಲವೆಲ್ಲ ಮುಖ್ಯವಾಗಿ ಆ ಅಂಚುಪಟ್ಟಿಗಳ ಮೇಲೆಯೇ ಬೀಳುತ್ತದೆ. ಆದಕಾರಣ ನಡುಗೋಡೆಯಲ್ಲಿ ಒಂದು ರಂಧ್ರವಿದ್ದರೆ ಸಹಿಸಬಹುದು; ಅಂಚುಪಟ್ಟಿಯಲ್ಲಿ ಒಂದು ಬಿರುಕಿದ್ದರೆ ಸಹಿಸಲಾಗದು.

ತೊಲೆಗೂ ಅಡ್ಡಪಟ್ಟಿಗೂ ಇರುವ ಬಂಧನವು ಬೆಸುಗೆಯಲ್ಲ, ರಿವೆಟ್ಟು. ಇದನ್ನು ಹಳೆಯ ಕಾಲದವರ ಅಜ್ಞಾನವೆಂದು ಎಣಿಸಬಾರದು. ಆರು ಕಡೆ ನೆಲ ಮುಟ್ಟುವ ಲಾರಿಯು ಹಳ್ಳದಿಣ್ಣೆಗಳಲ್ಲಿ ನಡೆಯುವಾಗ ಒಂದು ಗಾಲಿ ಮೇಲೆ, ಒಂದು ಕೆಳಗೆ. ಆಗ ಚೌಕಟ್ಟು ತಿರುಚಿಕೊಳ್ಳಲೇಬೇಕು. ಮುರಿಯದಿರುವುದಕ್ಕಾಗಿಯೇ ಅದು ಬಳುಕುತ್ತದೆ. ಗಾಳಿಗೆ ತೂಗುವ ಅಡಕೆಮರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಚೌಕಟ್ಟಿನ ಕೆಳಗೆ ಕಮಾನುಗಳು. ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಉಕ್ಕಿನ ಪಟ್ಟಿಗಳ ಕಟ್ಟು. ಎತ್ತಿನಗಾಡಿ ಹೋಗಿ ಜಟಕಾ ಬಂದ ಕಾಲದಿಂದ ನಮ್ಮವರಿಗೆ ಇದರ ಪರಿಚಯವುಂಟು. ಜಿ.ಎಂ.ಸಿ.ಯ ಹಿಂಬದಿಯಲ್ಲಿ ಮಾತ್ರ ಒಂದು ವಿಶೇಷ. ಅಲ್ಲಿ ಕಮಾನಿನ ನಡುಭಾಗ ಚೌಕಟ್ಟಿಗೆ ಸೇರಿದ ಒಂದು ಗಟ್ಟಿ ತಿರುಗುಣಿಯ ಮೇಲೆ ಕೂತಿರುತ್ತದೆ. ಎರಡು ತುದಿಗಳು ಎರಡು ಅಚ್ಚುಗಳ ಮೇಲೆ ಜಾರುವಂತೆ ನಿಂತಿರುತ್ತವೆ. ತಕ್ಕಡಿಯ ದಂಡದಂತೆ ಒಂದು ಅಚ್ಚು ಏರಿದರೆ ಇನ್ನೊಂದು ಇಳಿಯುತ್ತದೆ. ಹೊರೆಯ ಬಹುಪಾಲು ಆ ಒಂದೇ ತಾಣದ ಮೂಲಕ ನೆಲಕ್ಕಿಳಿಯುವುದರಿಂದ ಅಲ್ಲಿಯ ತುಕ್ಕು ಉಳಿದೆಲ್ಲ ಕಡೆಯ ತುಕ್ಕಿಗಿಂತ ಭಯಂಕರ.

ಇನ್ನು ತುಕ್ಕಿನ ಸ್ವಭಾವ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಕೂಡಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಬೇಗ ಬೆಳೆಯುತ್ತದೆ. ದೆಹಲಿಯ ಕಬ್ಬಿಣದ ಸ್ತಂಭವು ಸುಮಾರು ೧,೬೦೦ ವರ್ಷಗಳಿಂದ ಬಯಲಿನಲ್ಲಿ ನಿಂತಿಲ್ಲವೇ ಎಂದು ಕೆಲವರು ಕೇಳಬಹುದು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಮೇಲ್ಮೈಯಲ್ಲಿ ತೆಳುವಾದ ರಕ್ಷಕ ಪೊರೆಯೊಂದು ಕಟ್ಟಿಕೊಂಡಿದೆ. ಲಾರಿಯ ಉಕ್ಕಿಗೆ ಆ ಭಾಗ್ಯವಿಲ್ಲ. ಅದರ ತುಕ್ಕು ಸಡಿಲವಾದ ಹೊಟ್ಟಿನಂಥದು. ನೀರನ್ನು ಹೀರಿಟ್ಟುಕೊಂಡು ಒಳಗಿನ ಲೋಹವನ್ನು ಮತ್ತೆ ಮತ್ತೆ ತಿನ್ನುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ವಿಷಯವೊಂದಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗವನ್ನು ಆಕ್ರಮಿಸುತ್ತದೆ. ಬಯಲಾದ ಮುಖದ ಮೇಲೆ ಇದರಿಂದ ತೊಂದರೆಯಿಲ್ಲ, ಹೊಪ್ಪಳೆಯಾಗಿ ಉದುರಿಹೋಗುತ್ತದೆ. ಆದರೆ ಎರಡು ತಗಡುಗಳು ಮೈಗೆ ಮೈ ತಾಗಿರುವಲ್ಲಿ, ಅಂದರೆ ಅಡ್ಡಪಟ್ಟಿಯ ಮೂಲೆತಗಡಿನ ಹಿಂದೆ, ಕಮಾನಿನ ತೂಗುಕೊಂಡಿ ತೊಲೆಗೆ ಸೇರುವಲ್ಲಿ, ಅದು ಬೆಳೆಯಲು ಜಾಗವಿಲ್ಲದೆ ತಗಡುಗಳನ್ನೇ ಬೆಣೆಯಂತೆ ಅಗಲಿಸುತ್ತದೆ. ಗೋಡೆಯ ಸಂದಿನಲ್ಲಿ ಹುಟ್ಟಿದ ಅಶ್ವತ್ಥದ ಬೇರು ಕಲ್ಲನ್ನು ಎಬ್ಬಿಸುವುದಿಲ್ಲವೇ, ಹಾಗೆ. ರಿವೆಟ್ಟು ಹಿಗ್ಗುತ್ತದೆ, ತಲೆ ಹಾರುತ್ತದೆ. ಆದುದರಿಂದ ದಂಡಿನ ಲಾರಿಯನ್ನು ಪರೀಕ್ಷಿಸುವವನು ಕಣ್ಣಿಗೆ ಕಾಣುವ ಕೆಂಪಿಗೆ ಹೆದರದೆ, ಎರಡು ಲೋಹಗಳು ಕೂಡುವ ಗೆರೆಯನ್ನು ನೋಡಬೇಕು. ಅಲ್ಲಿ ಉಬ್ಬು ಕಂಡರೆ ಒಳಗೆ ಕೇಡಿದೆ.

ಇನ್ನೊಂದು ಗುಪ್ತ ತಾಣವು ಮರದ ಅಡಿ. ಯುದ್ಧಕಾಲದಲ್ಲಿ ಉಕ್ಕಿನ ಉಳಿತಾಯಕ್ಕಾಗಿ ಅನೇಕ ಲಾರಿಗಳಿಗೆ ಮರದ ತೊಟ್ಟಿಯನ್ನು ಕೂರಿಸಿದರು. ಮರವು ನೆನೆದ ಬಟ್ಟೆಯಂತೆ ನೀರನ್ನು ಹಿಡಿದಿಟ್ಟು ಚೌಕಟ್ಟಿನ ಮೇಲಂಚಿಗೆ ಸದಾ ಒತ್ತಿಕೊಂಡಿರುತ್ತದೆ. ತೊಟ್ಟಿಯನ್ನು ಎತ್ತದೆ ಚೌಕಟ್ಟನ್ನು ಪರೀಕ್ಷಿಸಿದೆನೆಂದು ಹೇಳುವವನ ಮಾತನ್ನು ನಂಬತಕ್ಕದ್ದಲ್ಲ.

ಪರೀಕ್ಷೆಯು ಸುತ್ತಿಗೆಯಿಂದ ಆರಂಭವಾಗಬೇಕು. ಹೆಂಗಸರು ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವ ವಿದ್ಯೆಯೇ ಇದು. ಗಟ್ಟಿ ಉಕ್ಕು ಗಣಗಣಿಸುತ್ತದೆ; ಟೊಳ್ಳಾದುದು ಬೊದ್ದುಬೊದ್ದಾಗಿ ಮಾರುಕೊಡುತ್ತದೆ. ಹೊಪ್ಪಳೆಯನ್ನು ಚಾಣದಿಂದ ಕೆರೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಸಾಧ್ಯವಿದ್ದರೆ ಗಾಳಿಯ ಒತ್ತಡದಿಂದ ಗಟ್ಟಿ ಹರಳನ್ನು ಚಿಮ್ಮಿಸಿ ಬರಿಯ ಲೋಹ ಕಾಣುವಂತೆ ಮಾಡಬೇಕು. ಅನಂತರ ಉಳಿದ ದಪ್ಪವನ್ನು ಅಳೆಯಬೇಕು. ಶಬ್ದತರಂಗದಿಂದ ಒಂದೇ ಪಕ್ಕದಿಂದ ದಪ್ಪವನ್ನು ಹೇಳುವ ಚಿಕ್ಕ ಉಪಕರಣಗಳು ಈಗ ದೊರೆಯುತ್ತವೆ. ಬಿರುಕನ್ನು ಕಾಣುವ ಉಪಾಯವು ಇನ್ನೂ ಸೊಗಸಾದುದು. ಕೆಂಪು ದ್ರವವೊಂದನ್ನು ಸವರಿ, ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿಯಾಗಿ ಒರಸಿ, ಬಿಳಿಯ ಪುಡಿಯ ಲೇಪವನ್ನು ಕೊಡುತ್ತಾರೆ. ಬಿರುಕಿನೊಳಗೆ ಅಡಗಿದ ಕೆಂಪು ಮೇಲಕ್ಕೆ ಬಂದು, ವಿಭೂತಿಯ ಮೇಲೆಳೆದ ಕುಂಕುಮದ ಗೆರೆಯಂತೆ ಕಾಣುತ್ತದೆ.

ಆ ಗೆರೆ ಕಾಣಿಸಿಕೊಂಡೊಡನೆ ಯಜಮಾನನ ಮನಸ್ಸಿನಲ್ಲಿ ಜಗಳ ಹುಟ್ಟುತ್ತದೆ. ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆಯೇ ಆ ಲಾರಿಯ ಜಾತಕ. ಚೌಕಟ್ಟನ್ನು ಬದಲಿಸಿದರೆ ಅದೇ ಲಾರಿಯೆಂದು ಹೇಳುವುದು ಹೇಗೆ? ಮೂಲದ ಉಕ್ಕನ್ನು ಏನಾದರೂ ಮಾಡಿ ಉಳಿಸಬೇಕೆಂಬ ಹಂಬಲ ಅನೇಕರಿಗೆ. ಅದನ್ನು ನಾವು ಹಾಸ್ಯಮಾಡುವುದಿಲ್ಲ; ಆದರೆ ಒಂದು ಭೇದವನ್ನು ಮನಗಾಣಬೇಕು. ವಸ್ತುಪ್ರದರ್ಶನ ಶಾಲೆಯಲ್ಲಿ ನಿಲ್ಲುವ ಲಾರಿಗೆ ತುಕ್ಕೂ ಒಂದು ಚರಿತ್ರೆ. ಹಾದಿಗಿಳಿದು ಮನುಷ್ಯರನ್ನು ಹೊರುವ ಲಾರಿಗೆ ಹಾಗಲ್ಲ. ಅಂಚುಪಟ್ಟಿಯು ಬಹುದೂರ ತಿಂದುಹೋಗಿದ್ದರೆ, ಅಥವಾ ಹಿಂದಿನ ಕಮಾನಿನ ತಿರುಗುಣಿಯ ಬಳಿ ಬಿರುಕುಗಳು ಒಂದಕ್ಕಿಂತ ಹೆಚ್ಚಾಗಿ ಕಂಡರೆ, ಗಟ್ಟಿಯಾದ ಬೇರೆ ತೊಲೆಯನ್ನು ತಂದು ಹಾಕುವುದೇ ನ್ಯಾಯ. ಹಳೆಯ ಸಂಖ್ಯೆಯ ತುಂಡನ್ನು ಮನೆಯಲ್ಲಿ ಜೋಪಾನಮಾಡಿಕೊಂಡು, ಬದಲಾವಣೆಯನ್ನು ದಾಖಲೆಯಲ್ಲಿ ಬಚ್ಚಿಡದೆ ಬರೆಯಿಸಬೇಕು. ಬದಲಿ ತೊಲೆ ಸಿಕ್ಕದಿದ್ದರೆ ಲಾರಿ ನಿಲ್ಲಲಿ. ಅದರಿಂದ ಯಾರಿಗೂ ಗಾಯವಾಗದು.

ಕೇಡು ಚಿಕ್ಕದಾಗಿ ಒಂದೆಡೆ ಮಾತ್ರ ಇದ್ದರೆ ದುರಸ್ತಿಗೆ ಅವಕಾಶವುಂಟು. ಮೊದಲು ಬ್ಯಾಟರಿಯ ತಂತಿಯನ್ನು ಬಿಡಿಸಿ, ಪೆಟ್ರೋಲಿನ ತೊಟ್ಟಿಯನ್ನು ಪೂರ್ತಿಯಾಗಿ ಕಳಚಿ ದೂರವಿಡಬೇಕು. ಬರಿದಾದ ತೊಟ್ಟಿಯೊಳಗಿನ ಆವಿಯು ತುಂಬಿದ ಪೆಟ್ರೋಲಿಗಿಂತ ಅಪಾಯಕರ. ಚೌಕಟ್ಟನ್ನು ಸಮತಟ್ಟಾದ ನೆಲದ ಮೇಲೆ ಅನೇಕ ಆಧಾರಗಳಿಂದ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಅಡ್ಡಡ್ಡವಾಗಿ ಹುರಿ ಹಿಡಿದು ಅಳೆಯಬೇಕು. ಎರಡು ಅಳತೆಗಳೂ ಒಂದಾಗದೆ ಕೆಲಸವನ್ನು ಆರಂಭಿಸಕೂಡದು. ಸೊಟ್ಟಗಿದ್ದಾಗ ಬೆಸೆದರೆ ಸೊಟ್ಟವೇ ಶಾಶ್ವತವಾಗುತ್ತದೆ. ಎರಡು ತೊಲೆಗಳನ್ನು ಒಟ್ಟಿಗೆ ಎಂದಿಗೂ ಕತ್ತರಿಸಬಾರದು.

ಕೂಡುತಗಡುಗಳ ನಡುವಿನ ತುಕ್ಕಿಗೆ ಬಿಡಿಸುವುದೊಂದೇ ಮದ್ದು. ರಿವೆಟ್ಟಿನ ತಲೆಯನ್ನು ಕೊರೆದು, ಮೊಳೆಯನ್ನು ಹೊಡೆದುರುಳಿಸಿ, ತಗಡುಗಳನ್ನು ಬೇರ್ಪಡಿಸಿ, ಎರಡು ಮುಖಗಳನ್ನೂ ಶುಚಿಮಾಡಿ ಸತುವಿನ ಅಂಶ ಹೆಚ್ಚಾಗಿರುವ ಬಣ್ಣ ಬಳಿದು ಮತ್ತೆ ಕೂಡಿಸಬೇಕು. ಕೆಂಪಗೆ ಕಾಯಿಸಿದ ರಿವೆಟ್ಟನ್ನು ಬಡಿದರೆ ಅದು ಆರುವಾಗ ಸಂಕುಚಿಸಿ ತಗಡುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಗಾಡಿಯ ಗಾಲಿಗೆ ಕಾದ ಪಟ್ಟೆಯನ್ನು ತೊಡಿಸುವ ನಮ್ಮ ಕಮ್ಮಾರರಿಗೆ ಈ ಮರ್ಮ ಹಳೆಯದು. ರಿವೆಟ್ಟು ಹೊಡೆಯುವವರು ದೊರೆಯದಿದ್ದರೆ ಹೆಚ್ಚು ಬಲದ ಬೋಲ್ಟುಗಳನ್ನು ಹಾಕಬಹುದು. ಆದರೆ ತೂತನ್ನು ನಯಗೊಳಿಸಿ ಬೋಲ್ಟು ಅಲುಗದಂತೆ ಅಳವಡಿಸಬೇಕು. ಸಡಿಲವಾದ ತೂತಿನಲ್ಲಿ ದಪ್ಪ ಬೋಲ್ಟು ಹಾಕಿದರೂ ಫಲವಿಲ್ಲ.

ತಿಂದುಹೋದ ತುಂಡಿನ ಮೇಲೆ ಹೊಸ ತಗಡನ್ನು ಹಾಸಿ ಸುತ್ತಲೂ ಬೆಸೆದುಬಿಡುವ ಪದ್ಧತಿ ಬೀದಿಬೀದಿಯ ಕೊಟ್ಟಿಗೆಗಳಲ್ಲಿ ಉಂಟು. ಇದರಷ್ಟು ಮೋಸದ ಕೆಲಸ ಬೇರೊಂದಿಲ್ಲ. ಒಳಗೆ ಹಳೆಯ ತುಕ್ಕು ಹಾಗೆಯೇ ಉಳಿದು, ಮುಚ್ಚಿದ ಕತ್ತಲೆಯಲ್ಲಿ ಬೆಳೆಯುತ್ತದೆ; ಹೊರಗೆ ಬಣ್ಣ ಥಳಥಳಿಸುತ್ತದೆ. ಕೆಟ್ಟ ಭಾಗವನ್ನು ಗಟ್ಟಿ ಲೋಹ ಸಿಕ್ಕುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ, ಅದೇ ಬಗೆಯ ಉಕ್ಕಿನ ತುಂಡನ್ನು ಅಂಚಿಗೆ ಅಂಚು ಕೂಡುವಂತೆ ಬೆಸೆಯಬೇಕು. ಕತ್ತರಿಸುವ ಗೆರೆಯು ತೊಲೆಗೆ ನೇರ ಅಡ್ಡವಾಗಿರದೆ ಓರೆಯಾಗಿರಲಿ. ಆಗ ಬೆಸುಗೆಯ ದೌರ್ಬಲ್ಯವೆಲ್ಲ ಒಂದೇ ಕಡೆ ಕೂಡುವುದಿಲ್ಲ. ಬಲಪಡಿಸುವ ಹೊದಿಕೆ ಬೇಕಾದರೆ ನಡುಗೋಡೆಗೆ ಹಾಕಿ, ಅದರ ತುದಿಗಳನ್ನು ಚೂಪಾಗಿ ಇಳಿಸಬೇಕು. ಅಂಚುಪಟ್ಟಿಗೆ ಅಡ್ಡಲಾಗಿ ಬೆಸುಗೆಯ ಗೆರೆಯೆಳೆಯುವುದೆಂದರೆ ಇಲ್ಲಿ ಮುರಿಯಬೇಕೆಂದು ಗುರುತು ಹಾಕಿಕೊಟ್ಟಂತೆ. ತೊಲೆಯ ತೆರೆದ ಪಕ್ಕವನ್ನೂ ತಗಡಿನಿಂದ ಮುಚ್ಚಿ ಪೆಟ್ಟಿಗೆಯಂತೆ ಮಾಡಿ “ಇನ್ನೂ ಗಟ್ಟಿಮಾಡಿದೆ” ಎಂದು ಬೀಗುವವರುಂಟು. ಬಳುಕಬೇಕಾದುದು ಬಳುಕದಾದಾಗ, ಆ ಪೆಟ್ಟಿಗೆ ಮುಗಿಯುವ ತಾಣದಲ್ಲಿ ಹೊಸ ಬಿರುಕು ಹುಟ್ಟುತ್ತದೆ.

ಕಮಾನುಗಳ ವಿಷಯದಲ್ಲಿ ಬೇರೆಯೇ ನಿಯಮ: ಅಲ್ಲಿ ಬೆಸುಗೆಯೆಂಬ ಮಾತೇ ಇಲ್ಲ. ಆ ಪಟ್ಟಿಗಳ ಉಕ್ಕನ್ನು ಹದವರಿತು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಮೆ ಶಾಖದಲ್ಲಿ ಹದಗೊಳಿಸಿದ್ದರಿಂದಲೇ ಅದಕ್ಕೆ ಪುಟಿಯುವ ಗುಣ ಬಂದಿದೆ. ಜ್ವಾಲೆ ಸೋಕಿದರೆ ಆ ಹದ ಹೋಯಿತು. ಪಟ್ಟಿಪಟ್ಟಿಗಳ ನಡುವೆ ತುಕ್ಕು ತುಂಬಿದಾಗ ಅವು ಒಂದರ ಮೇಲೊಂದು ಜಾರದೆ, ಇಡೀ ಕಟ್ಟು ಒಂದು ದಿಮ್ಮಿಯಂತಾಗಿ, ಹಾದಿಯ ಪೆಟ್ಟನ್ನೆಲ್ಲ ಚೌಕಟ್ಟಿಗೇ ದಾಟಿಸುತ್ತದೆ. ಪಟ್ಟಿಯ ಮೇಲೆ ತುಕ್ಕು ಕೊರೆದ ಚಿಕ್ಕ ಗುಳಿಯೇ ಮುಂದೆ ಬಿರುಕಿನ ಬಾಯಾಗುತ್ತದೆ. ನಡುಬೋಲ್ಟಿನ ತೂತಿನ ಬಳಿ ಮುರಿಯುವುದು ಸರ್ವಸಾಧಾರಣ.

ಕಟ್ಟನ್ನು ಬಿಚ್ಚುವಾಗ ಪ್ರಾಣಭಯವುಂಟು. ಪಟ್ಟಿಗಳು ಬೇರೆಬೇರೆ ಬಾಗುಳ್ಳವಾದುದರಿಂದ ನಡುಬೋಲ್ಟು ಅವನ್ನು ಬಲವಂತವಾಗಿ ಹಿಡಿದಿರುತ್ತದೆ. ಬಲವಾದ ಹಿಡಿಕೆಯಲ್ಲಿ ಒತ್ತಿಹಿಡಿಯದೆ ಅದನ್ನು ಕಳಚಿದರೆ ಪಟ್ಟಿ ಸಿಡಿದು ಕೈಯನ್ನೋ ಮುಖವನ್ನೋ ಸೀಳೀತು. ಮಕ್ಕಳನ್ನು ಆ ಹೊತ್ತಿನಲ್ಲಿ ಹತ್ತಿರ ಬಿಡಬಾರದು. ಬಿಚ್ಚಿದ ಪಟ್ಟಿಗಳನ್ನು ಉಜ್ಜಿ ಶುಚಿಮಾಡಿ, ಗುಳಿಬಿದ್ದವನ್ನೂ ಬಿರುಕುಬಿಟ್ಟವನ್ನೂ ಹೊರಗಿಟ್ಟು ಹೊಸವನ್ನು ಮಾಡಿಸಿ, ನಡುವೆ ಗ್ರಾಫೈಟ್ ಸೇರಿದ ಜಿಡ್ಡನ್ನು ಸವರಿ ಜೋಡಿಸಬೇಕು. ಶಾಕಲ್ಲು, ಪಿನ್ನು, ಬುಷ್ಷುಗಳಲ್ಲಿ ಸವೆತವಿದ್ದರೆ ಅವನ್ನೂ ಬದಲಿಸಬೇಕು. ಅಚ್ಚಿಗೆ ಕಮಾನನ್ನು ಬಿಗಿಯುವ ಯು-ಬೋಲ್ಟುಗಳು ಒಮ್ಮೆ ಹಿಗ್ಗಿದವಾದುದರಿಂದ ಹಳೆಯವನ್ನು ಮತ್ತೆ ಹಾಕತಕ್ಕದ್ದಲ್ಲ.

ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಯ ಹುಳಿಯಿಂದ ಬೆಳಗುವ ಅಭ್ಯಾಸವುಳ್ಳವರು ಕಮಾನನ್ನೂ ಆಮ್ಲದಲ್ಲಿ ನೆನೆಯಿಟ್ಟರೆ ಸುಲಭವಲ್ಲವೇ ಎಂದಾರು. ಸುಲಭವೇನೋ ಹೌದು, ಆದರೆ ಆಮ್ಲದಿಂದ ಹುಟ್ಟುವ ಜಲಜನಕವು ಹದಗೊಳಿಸಿದ ಉಕ್ಕಿನೊಳಗೆ ಸೇರಿ ಅದನ್ನು ಪೆಡಸುಗೊಳಿಸುತ್ತದೆ. ನೋಟಕ್ಕೆ ಬೆಳ್ಳಿಯಂತಿದ್ದ ಪಟ್ಟಿ ಹೊರೆಬಿದ್ದಾಗ ಗಾಜಿನಂತೆ ಮುರಿಯಬಹುದು. ಚೌಕಟ್ಟಿನ ಮೂಲೆಗಳಲ್ಲಿ ಉಳಿದ ತೆಳು ತುಕ್ಕಿಗೆ ಮಾತ್ರ ಟ್ಯಾನಿಕ್ ಆಮ್ಲದ ಲೇಪ ಒಳ್ಳೆಯದು. ಅದು ತುಕ್ಕನ್ನು ಕಪ್ಪು ಪೊರೆಯಾಗಿ ಮಾರ್ಪಡಿಸುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರಸಿ ನಮ್ಮ ಹಿರಿಯರು ಶಾಯಿ ಮಾಡುತ್ತಿದ್ದರಲ್ಲ, ಆ ಕಪ್ಪೂ ಈ ಕಪ್ಪೂ ಒಂದೇ ಕುಲದವು.

ಬಣ್ಣದ ವಿಷಯದಲ್ಲಿ ಮನೆಯವರೇ ಎಚ್ಚರವಹಿಸಬೇಕಾದ ಸಂಗತಿಯೊಂದುಂಟು. ಹಿಂದಿನ ಕಾಲದಲ್ಲಿ ಕಬ್ಬಿಣಕ್ಕೆ ಮೊದಲ ಲೇಪವಾಗಿ ಸೀಸದ ಸಿಂಧೂರವನ್ನು ಬಳಿಯುತ್ತಿದ್ದರು. ಹಳೆಯ ಲಾರಿಯನ್ನು ಉಜ್ಜುವಾಗ ಏಳುವ ಧೂಳಿನಲ್ಲಿ ಆ ಸೀಸವಿರಬಹುದು. ಅದು ವಿಷ, ಅದರಲ್ಲಿಯೂ ಶಿಶುಗಳ ಮೆದುಳಿಗೆ. ಆದುದರಿಂದ ಒಣಗಿದ್ದಂತೆ ಉಜ್ಜಬಾರದು, ಮೂಗುಬಾಯಿಗಳಿಗೆ ತಕ್ಕ ಮುಖವಾಡ ಬೇಕು, ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಗಳೊಡನೆ ಒಗೆಯಕೂಡದು, ಸ್ನಾನವಾಗುವವರೆಗೆ ಕೂಸನ್ನೆತ್ತಿಕೊಳ್ಳಬಾರದು. ಗಂಡಸರು ಇದನ್ನು ಉದಾಸೀನಮಾಡಿದರೆ ಮನೆಯಾಕೆಯು ಬಾಗಿಲಲ್ಲೇ ತಡೆಯಬಹುದು.

ಇಂದಿನ ಲೇಪಗಳಲ್ಲಿ ಸತುವು ತಾನು ಮೊದಲು ಕರಗಿ ಉಕ್ಕನ್ನು ಕಾಯುತ್ತದೆ. ಅದರ ಮೇಲೆ ಗಟ್ಟಿ ಬಣ್ಣ; ಸಂದುಗಳೊಳಗೆ ಹರಿದುಹೋಗುವ ಮೇಣ. ದಪ್ಪನಾಗಿ ಡಾಮರು ಬಳಿಯುವುದನ್ನು ನಾವು ಒಪ್ಪುವುದಿಲ್ಲ. ಅದು ಎಲ್ಲಿಯಾದರೂ ಒಡೆದರೆ ನೀರು ಒಳಸೇರಿ ಹೊರಬರಲಾರದೆ ನಿಲ್ಲುತ್ತದೆ, ಸುತ್ತಿಗೆಯ ಪರೀಕ್ಷೆಗೂ ಅವಕಾಶವಿರುವುದಿಲ್ಲ. ಚೌಕಟ್ಟಿನಲ್ಲಿ ನೀರಿಳಿಯಲು ಬಿಟ್ಟಿರುವ ತೂತುಗಳನ್ನು ಬಣ್ಣದ ಭರದಲ್ಲಿ ಮುಚ್ಚಬಾರದು. ಮರದ ತೊಟ್ಟಿಯನ್ನು ಮತ್ತೆ ಕೂರಿಸುವ ಮುನ್ನ ಮರಕ್ಕೂ ಅಡಿಯಲ್ಲಿ ಬಣ್ಣ ಕೊಡುವುದು ಲೇಸು.

ದುರಸ್ತಿಯಾದ ಲಾರಿಗೆ ಮೊದಲ ದಿನವೇ ಜನರನ್ನು ಹತ್ತಿಸಬಾರದು. ಮರಳಿನ ಮೂಟೆಗಳನ್ನು ಹೇರಿ, ಐವತ್ತು ಅರವತ್ತು ಮೈಲಿ ಮೆಲ್ಲಗೆ ಓಡಿಸಿ ತರಬೇಕು. ಬಂದ ಮೇಲೆ ಯು-ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ಕಮಾನುಗಳು ಕೂತುಕೊಂಡಂತೆ ಅವು ಸಡಿಲವಾಗುವುದು ಸಹಜ. ರಿವೆಟ್ಟುಗಳ ಸುತ್ತ ಕೆಂಪು ಪುಡಿ ಕಂಡರೆ ಅದು ಅಲುಗುತ್ತಿದೆಯೆಂದರ್ಥ. ಬೆಸುಗೆಯ ತುದಿಗಳಿಗೆ ಆ ಕೆಂಪು ದ್ರವದ ಪರೀಕ್ಷೆ ಇನ್ನೊಮ್ಮೆ ನಡೆಯಲಿ. ಕಂಡದ್ದನ್ನೆಲ್ಲ ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದು, ಅದನ್ನು ಚಾಲಕನ ಪೀಠದ ಕೆಳಗೆ ಇಡತಕ್ಕದ್ದು. ಮುಂದೆ ಕೊಳ್ಳುವವನಿಗೆ ಅದು ಬಣ್ಣಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಇದೇ ಲಾರಿಯ ಬ್ರೇಕುಗಳ ವಿಚಾರವನ್ನು ಬರುವ ತಿಂಗಳಿಗೆ ಇಟ್ಟುಕೊಂಡಿದ್ದೇವೆ.